ಶಾಲೆಯ ಕರಿಹಲಗೆಗೆ ‘ಇತಿಹಾಸದಲ್ಲಿ ಈ ದಿನ’ ಬರೆಯುವುದು ಹೇಗೆ?

ಫೆಬ್ರವರಿ 14 ಬಂತೆಂದರೆ ‘ಇಂದು ಭಗತ್ ಸಿಂಗ್‌ ಅವರನ್ನು ಗಲ್ಲಿಗೇರಿಸಿದ ದಿನ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಹಾಸನ, ಅರಸೀಕೆರೆ, ಕಡೂರು ಎಲ್ಲ ಕಡೆ ತಿರುಗುತ್ತದೆ. ಬೆಳಿಗ್ಗೆ ಫೋನಿಗೆ ಬಂದದ್ದು ಪ್ರಾರ್ಥನೆಯ ಹೊತ್ತಿಗೆ ಬಣ್ಣದ ಸೀಮೆಸುಣ್ಣದಲ್ಲಿ ಶಾಲೆಯ ಹಲಗೆಯ ಮೇಲೆ ಕೂತಿರುತ್ತದೆ. ಭಗತ್ ಸಿಂಗ್, ರಾಜಗುರು, ಸುಖದೇವ್ ಮೂವರಿಗೂ ಗಲ್ಲಾದದ್ದು ಲಾಹೋರಿನಲ್ಲಿ, 1931ರ ಮಾರ್ಚ್ 23ರಂದು. ಆದರೆ ಹಲಗೆ ಮೇಲೆ ಮೇಷ್ಟ್ರು ಬರೆದದ್ದನ್ನು ಮಕ್ಕಳು ಯಾಕೆ ಅನುಮಾನಿಸುತ್ತಾರೆ?

ಪ್ರಾರ್ಥನೆಯಲ್ಲಿ ಪಂಚಾಂಗ, ವಾರ್ತೆ ಆದಮೇಲೆ ಓದುವ ‘ದಿನದ ವಿಶೇಷ’ವಾಗಲಿ, ಗ್ರಂಥಾಲಯದ ಬಾಗಿಲಲ್ಲಿ ನಿಲ್ಲಿಸುವ ಫಲಕವಾಗಲಿ, ಮಾಡುವ ಕ್ರಮ ಒಂದೇ.

ಮೊದಲನೆಯದು: ಮೂರೇ ಸಾಲು

ಹತ್ತು ಸಾಲು ಬರೆದರೆ ಯಾರೂ ಓದುವುದಿಲ್ಲ. ಮೂರು ಸಾಕು, ಅದರಲ್ಲಿ ಒಂದು ನಮ್ಮ ಜಿಲ್ಲೆಯದಾಗಿರಲಿ. ಸಿಕ್ಕಿದ್ದನ್ನೆಲ್ಲ ತುಂಬುವ ಬದಲು ಒಂದಕ್ಕೊಂದು ಕೊಂಡಿ ಇರುವುದನ್ನು ಆರಿಸಿ. ಮೇ 18 ನೋಡಿ. 1872ರಲ್ಲಿ ಅಂದು ಬರ್ಟ್ರಂಡ್ ರಸೆಲ್ ಹುಟ್ಟಿದರು. ಮುಂದೆ ಅಣ್ವಸ್ತ್ರಗಳ ವಿರುದ್ಧ ಐನ್‌ಸ್ಟೈನ್ ಜೊತೆ ಹೇಳಿಕೆಗೆ ಸಹಿ ಹಾಕಿದವರು. 1933ರಲ್ಲಿ ಅದೇ ದಿನ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಎಚ್‌.ಡಿ. ದೇವೇಗೌಡರ ಜನನ. 1974ರಲ್ಲಿ ಅದೇ ದಿನ ಪೋಖ್ರಾನ್‌ನಲ್ಲಿ ಭಾರತದ ಮೊದಲ ಅಣು ಪರೀಕ್ಷೆ. 1996ರಲ್ಲಿ ಅಣುಪರೀಕ್ಷೆ ನಿಷೇಧ ಒಪ್ಪಂದಕ್ಕೆ ವಿಶ್ವಸಂಸ್ಥೆಯಲ್ಲಿ ಭಾರತ ವಿರೋಧವಾಗಿ ಮತ ಹಾಕಿದಾಗ ಪ್ರಧಾನಿಯಾಗಿದ್ದವರು ಇದೇ ದೇವೇಗೌಡರು. ಇಷ್ಟಿದ್ದರೆ ಎಂಟನೇ ತರಗತಿಯ ಸಮಾಜ ವಿಜ್ಞಾನದ ಒಂದು ಪೀರಿಯಡ್ ತಾನಾಗಿಯೇ ನಡೆಯುತ್ತದೆ.

ಎರಡನೆಯದು: ಸಂಗ್ರಹ

ಜಿಲ್ಲಾ ಗ್ಯಾಸೆಟಿಯರ್, ಕನ್ನಡ ವಿಶ್ವಕೋಶ, ಹಳೆಯ ಪತ್ರಿಕೆ. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ‘ದಿನಕ್ಕೊಂದು ಇತಿಹಾಸ’ ಚಾರ್ಟಿಗೆ ದುಡ್ಡು ಹಾಕಬೇಡಿ.

ಮೂರನೆಯದು: ತಾರೀಖು ನೋಡುವುದು

ಎಲ್ಲರೂ ಎಡವುವುದು ಇಲ್ಲೇ. ‘ಎರಡು ಕಡೆ ಒಂದೇ ತಾರೀಖು ಇದೆ, ಹಾಗಾಗಿ ಸರಿ’ ಅನ್ನುವವರಿದ್ದಾರೆ. ಒಬ್ಬರನ್ನೊಬ್ಬರು ನೋಡಿ ಬರೆದುಕೊಂಡಿದ್ದರೆ ಇಪ್ಪತ್ತು ಕಡೆ ಇದ್ದರೂ ಪ್ರಯೋಜನವಿಲ್ಲ. ಕೇಳಬೇಕಾದ ಪ್ರಶ್ನೆಗಳೇ ಬೇರೆ.

ಅಂದು ನಿಜಕ್ಕೂ ಆದದ್ದು ಏನು? ನವೆಂಬರ್ 1ರ ಹಲಗೆಗಳಲ್ಲಿ ವರ್ಷವರ್ಷವೂ ಕಾಣುವ ಸಾಲು, ‘1956ರಲ್ಲಿ ಕರ್ನಾಟಕ ಎಂದು ನಾಮಕರಣವಾಯಿತು’. 1956ರಲ್ಲಿ ಆದದ್ದು ಏಕೀಕರಣ; ರಾಜ್ಯದ ಹೆಸರು ಆಗಲೂ ಮೈಸೂರೇ. ಕರ್ನಾಟಕ ಎಂದಾದದ್ದು 1973ರ ನವೆಂಬರ್ 1ರಂದು, ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ. ದಿನ ಒಂದೇ, ನಡುವೆ ಹದಿನೇಳು ವರ್ಷ. ಎರಡು ಸಾಲು ಮಾಡಿ ಬರೆಯಿರಿ.

ಪಟ್ಟಿಯಲ್ಲಿರುವ ಎಲ್ಲರೂ ಆ ದಿನದವರೇನಾ? ಡಿಸೆಂಬರ್ 19ನ್ನು ತೆಗೆದುಕೊಳ್ಳಿ. ಕಾಕೋರಿ ಪ್ರಕರಣದ ನಾಲ್ವರಿಗೂ 1927ರಲ್ಲಿ ಅಂದೇ ಗಲ್ಲಾಯಿತು ಎಂದು ಒಟ್ಟು ಸೇರಿಸಿ ಬರೆದುಬಿಡುತ್ತಾರೆ. ರಾಮಪ್ರಸಾದ್ ಬಿಸ್ಮಿಲ್, ಅಶ್ಫಾಕುಲ್ಲಾ ಖಾನ್, ರೋಶನ್ ಸಿಂಗ್‌ ಮಾತ್ರ 19ರವರು, ಅದೂ ಮೂರು ಬೇರೆ ಬೇರೆ ಜೈಲುಗಳಲ್ಲಿ. ರಾಜೇಂದ್ರ ಲಾಹಿರಿಯನ್ನು ಎರಡು ದಿನ ಮೊದಲೇ ಗೋಂಡಾದಲ್ಲಿ ನೇಣಿಗೆ ಹಾಕಿದ್ದರು. ಅದೇ ಡಿಸೆಂಬರ್ 19ಕ್ಕೆ 1961ರ ಗೋವಾ ವಿಮೋಚನೆಯೂ ಸೇರುತ್ತದೆ. ಇನ್ನು ನಮ್ಮ ಸಾಲು: 1978ರ ಆ ದಿನ ಲೋಕಸಭೆ ಚಿಕ್ಕಮಗಳೂರಿನ ಸಂಸದೆಯನ್ನು ಸದನದಿಂದ ಹೊರಹಾಕಿ ಜೈಲಿಗೆ ಕಳಿಸಿತು. ಸಂಸದೆ ಇಂದಿರಾ ಗಾಂಧಿ. ಹಿಂದಿನ ತಿಂಗಳಷ್ಟೇ ವೀರೇಂದ್ರ ಪಾಟೀಲರನ್ನು ಉಪಚುನಾವಣೆಯಲ್ಲಿ ಸೋಲಿಸಿ ಹೋಗಿದ್ದರು. ಚಿಕ್ಕಮಗಳೂರಿನ ಶಾಲೆಯೊಂದು ಡಿಸೆಂಬರ್ 19ರಂದು ಇದನ್ನು ಬಿಟ್ಟು ಇನ್ನೇನನ್ನೋ ಬರೆದರೆ ನನಗೆ ಸಿಟ್ಟು ಬರುತ್ತದೆ.

ಯಾವ ಕ್ಯಾಲೆಂಡರು? ಏಪ್ರಿಲ್ 23 ವಿಶ್ವ ಪುಸ್ತಕ ದಿನ. ಗ್ರಂಥಾಲಯದವರು ತಪ್ಪದೆ ಬರೆಯುತ್ತಾರೆ: ‘ಶೇಕ್ಸ್‌ಪಿಯರ್, ಸರ್ವಾಂಟಿಸ್ ಇಬ್ಬರೂ 1616ರಲ್ಲಿ ಇದೇ ದಿನ ತೀರಿಕೊಂಡರು’. ಸ್ಪೇನ್ ಆಗಲೇ ಹೊಸ ಗ್ರೆಗೋರಿಯನ್ ಲೆಕ್ಕಕ್ಕೆ ಬಂದಿತ್ತು. ಇಂಗ್ಲೆಂಡ್ 1752ರವರೆಗೂ ಹಳೆಯ ಜೂಲಿಯನ್ನಿನಲ್ಲೇ ಇತ್ತು. ಶೇಕ್ಸ್‌ಪಿಯರನ ಏಪ್ರಿಲ್ 23ಕ್ಕೆ ಹತ್ತು ದಿನ ಕೂಡಿಸಿದರೆ ಸ್ಪೇನಿನವರ ಲೆಕ್ಕದಲ್ಲಿ ಮೇ 3. ಸರ್ವಾಂಟಿಸ್ ತೀರಿಕೊಂಡದ್ದು 22ಕ್ಕೆ, 23 ಅವನನ್ನು ಮಣ್ಣು ಮಾಡಿದ ದಿನ. ರಷ್ಯಾದ ಅಕ್ಟೋಬರ್ ಕ್ರಾಂತಿ ನವೆಂಬರ್ 7ಕ್ಕೆ ಬರುವುದೂ ಈ ಕಾರಣಕ್ಕೇ. ಅಲ್ಲಿ ವ್ಯತ್ಯಾಸ ಹದಿಮೂರು ದಿನ.

ಯಾರ ಗಡಿಯಾರ? ಚಂದ್ರನ ಮೇಲೆ ಮನುಷ್ಯ ಇಳಿದದ್ದು 1969ರ ಜುಲೈ 20 ಎಂದು ಎಲ್ಲ ಕಡೆ ಇದೆ. ಅದು ಅಮೆರಿಕದ ತಾರೀಖು. ಇಲ್ಲಿ ಆಗ 21ರ ನಸುಕಿನ 1 ಗಂಟೆ 47 ನಿಮಿಷ. ಆರ್ಮ್‌ಸ್ಟ್ರಾಂಗ್ ಕೆಳಗೆ ಕಾಲಿಟ್ಟಾಗ ನಮ್ಮಲ್ಲಿ ಬೆಳಿಗ್ಗೆ ಎಂಟೂವರೆ ಹತ್ತಿರ. ಹಾಸನದ ಎಂಸಿಎಫ್‌ನಲ್ಲಿ (ಇಸ್ರೊದ ನಿಯಂತ್ರಣ ಕೇಂದ್ರ) ಉಪಗ್ರಹ ನೋಡಿಕೊಳ್ಳುವವರ ಮಕ್ಕಳೇನಾದರೂ ನಿಮ್ಮ ಶಾಲೆಯಲ್ಲಿದ್ದರೆ ಈ ಪ್ರಶ್ನೆ ಬಂದೇ ಬರುತ್ತದೆ. ‘ಅಮೆರಿಕದ ಕಾಲಮಾನ’ ಎಂದು ಪಕ್ಕಕ್ಕೆ ಸೇರಿಸಿಬಿಡಿ.

ಶಾಸನದ ದಿನವೇ? ಇದು ನಮ್ಮ ಜಿಲ್ಲೆಗಳಿಗೇ ಮೀಸಲಾದ ತೊಡಕು. ಹಾಸನ ಜಿಲ್ಲೆಯ ಶಾಸನಗಳು ಬಿ.ಎಲ್. ರೈಸ್ ಸಂಪಾದಿಸಿದ ಶಾಸನ ಸಂಪುಟಗಳಾದ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯದರಲ್ಲಿವೆ, ಚಿಕ್ಕಮಗಳೂರಿನವು ಆರನೆಯದರಲ್ಲಿ. ಅದನ್ನು ‘ಕಡೂರು ಜಿಲ್ಲೆ’ ಎಂಬ ಆಗಿನ ಹೆಸರಿನಲ್ಲಿ ಹುಡುಕಬೇಕು. ಬೇಲೂರಿನ ದೇವರ ಪ್ರತಿಷ್ಠೆ ಶಕ 1039, ಹೇವಿಳಂಬಿ ಸಂವತ್ಸರ, ಚೈತ್ರ ಶುದ್ಧ ಪಂಚಮಿ. ಶಕಕ್ಕೆ 78 ಕೂಡಿಸಿದರೆ 1117. ಆದರೆ ಪುಷ್ಯ, ಮಾಘ, ಫಾಲ್ಗುಣದ ಶಾಸನವಾದರೆ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ, ಬಹಳ ಸಲ 79 ಕೂಡಿಸಬೇಕಾಗುತ್ತದೆ. ಇದನ್ನು ಮರೆತೇ ಒಂದು ವರ್ಷ ಹಿಂದೆ ಹೋಗುವುದು. ಲೆಕ್ಕ ಸರಿಯಿದೆಯೇ ಎಂದು ತಿಳಿಯಲು ಸಂವತ್ಸರ ನೋಡಿ: ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಮರಳುತ್ತದೆ. 2017ರಲ್ಲಿ ಹೇವಿಳಂಬಿ ಬಂದಿತ್ತು. 2017ರಿಂದ 1117 ಕಳೆದರೆ 900, ಅಂದರೆ ಹದಿನೈದು ಸುತ್ತು ಸರಿಯಾಗಿ. ವರ್ಷ ಗಟ್ಟಿಯಾಯಿತು.

ಇನ್ನು ತಾರೀಖು. ಆ ಪಂಚಮಿಯನ್ನು ಮಾರ್ಚ್ 10 ಎಂದು ಬರೆಯುತ್ತಾರೆ. ಅದು ಜೂಲಿಯನ್ ಲೆಕ್ಕ. ಈಗಿನ ಕ್ಯಾಲೆಂಡರಿಗೆ ತಂದರೆ ಮಾರ್ಚ್ 17. ಈ ತಾಪತ್ರಯ ಯಾಕೆ? ಶಾಸನದ ದಿನವನ್ನು ಇಂಗ್ಲಿಷ್ ತಾರೀಖಿಗೆ ಇಳಿಸಲೇಬೇಡಿ. ಯುಗಾದಿ ಪಾಡ್ಯದಿಂದ ಐದನೇ ದಿನ ಹಲಗೆಗೆ ಹಾಕಿ, ಅಷ್ಟೇ. ಬಸವ ಜಯಂತಿ, ಕನಕ ಜಯಂತಿಗಳೂ ಹೀಗೆಯೇ ತಿಥಿ ಹಿಡಿದು ಬರುವಂಥವು. ಹೋದ ವರ್ಷದ ತಾರೀಖನ್ನು ಈ ವರ್ಷಕ್ಕೆ ಎತ್ತಿಡಬಾರದು. ಬೇಲೂರು, ಹಳೇಬೀಡು, ಸೋಮನಾಥಪುರ ವಿಶ್ವ ಪರಂಪರೆ ಪಟ್ಟಿಗೆ ಸೇರಿದ 2023ರ ಸೆಪ್ಟೆಂಬರ್ 18ಕ್ಕೆ ಇಂಥ ರಗಳೆ ಯಾವುದೂ ಇಲ್ಲ.

ಕೆಲವಕ್ಕೆ ದಿನವೇ ಇಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನದಲ್ಲಿ ತೇದಿ ಕೊಟ್ಟಿಲ್ಲ. ಲಿಪಿ ನೋಡಿ ಕ್ರಿ.ಶ. 450ರ ಸುಮಾರು ಎನ್ನುತ್ತಾರೆ. ಬಾಬಾ ಬುಡನ್ ಏಳು ಕಾಫಿ ಬೀಜ ತಂದ ಕಥೆಗೂ ತಾರೀಖಿಲ್ಲ. ಯಾರಾದರೂ ಕೊಟ್ಟರೆ ಆ ಮೂಲವನ್ನೇ ಬಿಟ್ಟುಬಿಡಿ, ಉಳಿದದ್ದನ್ನೂ ಅವರು ಹಾಗೆಯೇ ಕಟ್ಟಿರುತ್ತಾರೆ. ಊರಿನ ಹಿರಿಯರ ಹುಟ್ಟಿದ ದಿನವನ್ನು ಶಾಲೆಯ ದಾಖಲಾತಿಯಿಂದ ತೆಗೆಯುವಾಗಲೂ ಹುಷಾರು. ಸೇರಿಸಲು ಕರೆತಂದ ಹುಡುಗನ ವಯಸ್ಸು ಅಂದಾಜು ಮಾಡಿ ಮೇಷ್ಟ್ರೇ ಒಂದು ತಾರೀಖು ಹಾಕಿಕೊಳ್ಳುತ್ತಿದ್ದ ಕಾಲ ಅದು. ಅರ್ಧ ಊರೇ ಜೂನ್ 1ಕ್ಕೆ ಹುಟ್ಟಿದ್ದರೆ ಕಾರಣ ಗೊತ್ತಾಯಿತಲ್ಲ.

ನಾಲ್ಕನೆಯದು: ಬರೆಯುವುದು

ವರ್ಷ ಮೊದಲು, ಆಮೇಲೆ ಊರು, ಆಮೇಲೆ ಘಟನೆ. ಬಿಳಿ ಸೀಮೆಸುಣ್ಣ ಒಂದೇ. ಅಗ್ಗದ ಬಣ್ಣದ ಕಡ್ಡಿ ಒರೆಸಿದರೂ ಹೋಗುವುದಿಲ್ಲ, ನಿನ್ನೆಯ ಇಸವಿ ಇವತ್ತಿನ ಹೆಸರಿನ ಹಿಂದೆ ಇಣುಕುತ್ತಿರುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆ ಮಳೆಗಾಲದಲ್ಲಿ ಹಲಗೆ ತೇವ ಹಿಡಿದು ಬರಹ ಮೂಡುವುದೇ ಇಲ್ಲ. ಹಿಂದಿನ ಸಂಜೆಯೇ ಒಣಬಟ್ಟೆಯಲ್ಲಿ ಒರೆಸಿ ಒಳಗಿಡಿ. ಫ್ಲೆಕ್ಸ್ ಬೇಡವೇ ಬೇಡ, ತಪ್ಪಾದರೆ ಅಳಿಸಲು ಬರುವುದಿಲ್ಲ.

ಐದನೆಯದು: ರಿಜಿಸ್ಟರ್

ದಿನಕ್ಕೊಂದರಂತೆ 366 ಪುಟದ ಪುಸ್ತಕ ಮಾಡಿ, ಬರೆದದ್ದನ್ನು ಎಲ್ಲಿಂದ ತೆಗೆದದ್ದು ಎಂಬುದರ ಸಮೇತ ನಕಲು ಮಾಡಿಡಿ. ಮುಂದಿನ ವರ್ಷ ಕೆಲಸ ಅರ್ಧವಾಗುತ್ತದೆ. 365 ಪುಟ ಹಾಕಿದವರು ಫೆಬ್ರವರಿ 29ಕ್ಕೆ ಪೇಚಾಡುತ್ತಾರೆ. ಆ ದಿನ ಹುಟ್ಟಿದವರಲ್ಲಿ ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಇದ್ದಾರೆ, 1904. ಇಂದಿರಾ ಗಾಂಧಿಯವರು ಸದನದಿಂದ ಹೊರಬಿದ್ದಾಗ ಪ್ರಧಾನಿಯಾಗಿದ್ದ ಮೊರಾರ್ಜಿ ದೇಸಾಯಿಯವರೂ ಇದ್ದಾರೆ, 1896. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳವರು ಈ ಪುಟವನ್ನು ಈಗಲೇ ತುಂಬಿಸಿಕೊಳ್ಳಲಿ. ಹಲಗೆಗೆ ಏರಿಸಲು 2028ರವರೆಗೆ ಸಮಯವಿದೆ.