ಸೋತ ತಂಡಕ್ಕೂ ಮುಂದಿನ ಭಾನುವಾರ: ನಮ್ಮ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಮೊದಲ ಸೀಸನ್

ನಮ್ಮ ಕಲಬುರಗಿ ಕಡೆ ಬ್ಯಾಸ್ಕೆಟ್‌ಬಾಲ್ ಅಂದ್ರೆ ಟೂರ್ನಮೆಂಟ್. ಶನಿವಾರ ಶುರು, ಭಾನುವಾರ ಸಂಜೆ ಫೈನಲ್, ಶಾಲು-ಹಾರ, ಟ್ರೋಫಿ, ಫೋಟೊ, ಮುಗೀತು. ಎಲ್ಲವೂ ನಾಕೌಟ್. ಯಾದಗಿರಿಯಿಂದ ಬೆಳಗಿನ ರೈಲು ಹಿಡಿದು ಬಂದ ಹುಡುಗರು ಮೊದಲ ಪಂದ್ಯ ಸೋತು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಮತ್ತೆ ಸ್ಟೇಷನ್ನಿನಲ್ಲಿ ಕೂತಿರುತ್ತಾರೆ. ಅವರ ಮುಂದಿನ ಪಂದ್ಯ ಯಾವಾಗ? ಮುಂದಿನ ವರ್ಷ.

ಆರು ತಂಡ ನಾಕೌಟ್ ಆಡಿದರೆ ಒಟ್ಟು ನಡೆಯೋದು ಐದೇ ಪಂದ್ಯ. ಅದೇ ಆರು ತಂಡ ಒಬ್ಬರ ಜೊತೆ ಒಬ್ಬರು ಎರಡೆರಡು ಸಲ ಆಡಿದರೆ 30 ಪಂದ್ಯ. ಪ್ರತಿ ತಂಡಕ್ಕೆ 10. ಈ ಲೆಕ್ಕ ಹಿಡಿದುಕೊಂಡೇ ನಾವು ಕೆಲವು ಹಳೆ ಆಟಗಾರರು ಮೂರು ಜಿಲ್ಲೆ ಸೇರಿಸಿ ಲೀಗ್ ಮಾಡೋಕೆ ಹೊರಟೆವು. ಕಲಬುರಗಿಯಿಂದ ಮೂರು ತಂಡ, ಬೀದರ್‌ನಿಂದ ಎರಡು, ಯಾದಗಿರಿಯಿಂದ ಒಂದು. ತಂಡಕ್ಕೊಬ್ಬ ಮಾಲೀಕ. ಒಬ್ಬರದು ದಾಲ್ ಮಿಲ್, ಒಬ್ಬರದು ಸ್ಟೀಲ್ ಪಾತ್ರೆ ಅಂಗಡಿ, ಹೀಗೆ. ಆಟಗಾರರಿಗೆ ಪಂದ್ಯಕ್ಕೆ ಇಷ್ಟು ಅಂತ ದುಡ್ಡು. ದೊಡ್ಡ ದುಡ್ಡೇನಲ್ಲ, ಆದರೆ ಕೈಗೆ ಬರೋ ದುಡ್ಡು. ಸೀಸನ್ ಮಧ್ಯೆ ಯಾರೂ ತಂಡ ಬಿಟ್ಟು ತಂಡಕ್ಕೆ ಹಾರಬಾರದು ಅಂತ ಒಂದು ಪುಟದ ಕರಾರು ಪತ್ರ.

ದೇಶದ ಮಟ್ಟದಲ್ಲೇ ಈ ಆಟಕ್ಕೆ ಲೀಗ್ ನಿಲ್ಲೋದು ಕಷ್ಟ ಅಂತ ನಮಗೆ ಗೊತ್ತಿತ್ತು. 2015ರಲ್ಲಿ ಯುಬಿಎ ಲೀಗ್ ಶುರುವಾಯಿತು. ಬೆಂಗಳೂರು ಬೀಸ್ಟ್ ಅಂತ ನಮ್ಮ ರಾಜ್ಯದ ತಂಡವೂ ಅದರಲ್ಲಿತ್ತು. 2017ರ ನಂತರ ಅದು ನಡೆಯಲಿಲ್ಲ. ಆಮೇಲೆ 2022ರಲ್ಲಿ ಐಎನ್‌ಬಿಎಲ್ ಅನ್ನೋ ಇನ್ನೊಂದು ಲೀಗ್ ಬಂತು. ಅಷ್ಟು ದೊಡ್ಡವರಿಗೇ ಕಷ್ಟವಾದದ್ದು ನಿಮಗೆ ಆಗುತ್ತಾ ಅಂತ ಕೇಳಿದವರು ಬಹಳ ಜನ. ನಮಗೆ ಟಿವಿ ಬೇಡ, ಚಿಯರ್ ಲೀಡರ್ಸ್ ಬೇಡ, ಭಾನುವಾರ ಸಂಜೆ ಹತ್ತು ಜನ ಹುಡುಗರು ಕೋರ್ಟ್ ಮೇಲಿದ್ದರೆ ಸಾಕು ಅಂದೆವು.

ನನ್ನ ಪಾಲಿಗೆ ಬಂದದ್ದು ಎರಡು ಕೆಲಸ. ಪಂದ್ಯಗಳ ವೇಳಾಪಟ್ಟಿ ಮತ್ತು ಟೇಬಲ್. ಟೇಬಲ್ ಅಂದ್ರೆ ಕೋರ್ಟಿನ ಪಕ್ಕ ಸ್ಕೋರ್ ಬರೆಯುತ್ತಾ, ಟೈಮ್ ನೋಡುತ್ತಾ ಕೂರುವ ಮಂದಿ. ಯಾರೂ ಇವರ ಫೋಟೊ ತೆಗೆಯಲ್ಲ.

ವೇಳಾಪಟ್ಟಿ ಮಾಡೋ ಉಪಾಯ ಹಳೆಯದು, ಸುಲಭದ್ದು. ಆರು ಚೀಟಿಯಲ್ಲಿ ಆರು ತಂಡದ ಹೆಸರು ಬರೆದು ಎದುರುಬದುರು ಮೂರು-ಮೂರರಂತೆ ಇಡಬೇಕು. ಎದುರಿಗೆ ಯಾರಿದ್ದಾರೋ ಅವರ ಜೊತೆ ಪಂದ್ಯ. ಮುಂದಿನ ವಾರಕ್ಕೆ ಒಂದು ಚೀಟಿಯನ್ನು ಅಲ್ಲಾಡಿಸದೆ ಉಳಿದ ಐದನ್ನು ಒಂದೊಂದು ಜಾಗ ಸುತ್ತ ಸರಿಸಬೇಕು. ಹೀಗೆ ಐದು ಸುತ್ತು ಮುಗಿಯುವಷ್ಟರಲ್ಲಿ ಎಲ್ಲರೂ ಎಲ್ಲರ ಜೊತೆ ಆಡಿರುತ್ತಾರೆ. ಇನ್ನೈದು ಸುತ್ತಿಗೆ ಮೈದಾನ ಅದಲು ಬದಲು. ಚೀಟಿ ಸರಿಸೋದು ಐದು ನಿಮಿಷದ ಕೆಲಸ. ಅದನ್ನು ಕ್ಯಾಲೆಂಡರ್ ಮೇಲೆ ಕೂರಿಸೋದೇ ಕಷ್ಟ.

ನಮ್ಮ ಕೋರ್ಟ್‌ಗಳೆಲ್ಲ ಬಯಲಲ್ಲಿ, ಸಿಮೆಂಟಿನವು. ಏಪ್ರಿಲ್-ಮೇನಲ್ಲಿ ಕಲಬುರಗಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಸಂಜೆ ಏಳಕ್ಕೂ ನೆಲ ಕಾವು ಬಿಟ್ಟಿರಲ್ಲ, ಶೂ ಅಡಿ ಅಂಟು ಕಿತ್ತು ಬರುತ್ತದೆ. ಜೂನ್‌ನಿಂದ ಮಳೆ. ಉಳಿದದ್ದು ದೀಪಾವಳಿಯಿಂದ ಹೋಳಿವರೆಗಿನ ಕಾಲ. ಅದರಲ್ಲೂ ಮಾರ್ಚ್ ಬಂದರೆ ಪರೀಕ್ಷೆ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ, ಆಗ ಊರಲ್ಲಿ ಕ್ರೂಸರ್ ಬಾಡಿಗೆಗೇ ಸಿಗಲ್ಲ. ರಂಜಾನ್ ತಿಂಗಳು ವರ್ಷಕ್ಕೆ ಹತ್ತು-ಹನ್ನೊಂದು ದಿನ ಮುಂಚೆ ಮುಂಚೆ ಸರಿಯುತ್ತಾ ಈಗ ಫೆಬ್ರವರಿ-ಮಾರ್ಚ್‌ಗೆ ಬಂದಿದೆ. ನಮ್ಮ ಆರೂ ತಂಡಗಳಲ್ಲಿ ರೋಜಾ ಇರುವ ಹುಡುಗರಿದ್ದಾರೆ. ದಿನವಿಡೀ ನೀರು ಕುಡಿಯದವನನ್ನು 40 ನಿಮಿಷ ಓಡಿಸೋಕಾಗಲ್ಲ. ಜನವರಿಯಲ್ಲಿ ಎನ್‌ಸಿಸಿ ಹುಡುಗರಿಗೆ 26ರ ಪರೇಡ್ ತಾಲೀಮು.

ಇನ್ನು ಎಳ್ಳ ಅಮವಾಸ್ಯೆ. ಬೆಂಗಳೂರಿನವರಿಗೆ ಇದು ಅಷ್ಟಾಗಿ ಗೊತ್ತಿಲ್ಲ. ನಮ್ಮಲ್ಲಿ ಆ ದಿನ ಊರಿಗೆ ಊರೇ ಹೊಲದಲ್ಲಿರುತ್ತದೆ. ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ, ಕಡಬು ಉಂಡು, ಗಿಡದ ಕೆಳಗೆ ಮಲಗಿಬಿಡೋದು. ಹೊಲ ಇಲ್ಲದವರನ್ನೂ ಹೊಲ ಇದ್ದವರು ಬಿಡಲ್ಲ. ಅಂಥ ದಿನ ಪಂದ್ಯ ಇಟ್ಟರೆ ರೆಫರಿಯೂ ಬರಲ್ಲ. ಆ ವಾರ ಸುಮ್ನೆ ಖಾಲಿ ಬಿಟ್ಟೆ. ಒಟ್ಟಿನಲ್ಲಿ ನವೆಂಬರ್ ನಡುವಿನಿಂದ ಫೆಬ್ರವರಿ ಮೊದಲ ವಾರದವರೆಗೆ, ನಡುವೆ ಬಿಡುವು ಸೇರಿಸಿ, ಹತ್ತು ಸುತ್ತು ಹೇಗೋ ಕೂತವು.

ಪ್ರಯಾಣದ್ದು ಇನ್ನೊಂದು ಲೆಕ್ಕ. ಬೀದರ್-ಕಲಬುರಗಿ ಮಧ್ಯೆ ಸುಮಾರು 110 ಕಿ.ಮೀ. 2017ರಿಂದ ಹುಮನಾಬಾದ್ ಮೇಲೆ ರೈಲೂ ಇದೆ. ಆದರೆ ಪಂದ್ಯ ಮುಗಿಯೋ ಹೊತ್ತು ಬೇರೆ, ರೈಲಿನ ಹೊತ್ತು ಬೇರೆ. ಹಾಗಾಗಿ ಬೀದರ್‌ನ ಎರಡೂ ತಂಡ ಒಂದೇ ಭಾನುವಾರ ಕಲಬುರಗಿಗೆ ಬರುವ ಹಾಗೆ, ಆದಷ್ಟು, ಚೀಟಿಗಳನ್ನು ಜೋಡಿಸಿದೆ. ಎರಡು ಕ್ರೂಸರ್ ಜೊತೆಯಾಗಿ ಬಂದು ಜೊತೆಯಾಗಿ ಹೋಗುತ್ತವೆ. ದಾರಿಯಲ್ಲಿ ಒಂದು ಕೆಟ್ಟರೆ ಇನ್ನೊಂದಿದೆ.

ಕೋರ್ಟಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಾವು ಆಡಿದ ಒಂದು ಕೋರ್ಟ್‌ನಲ್ಲಿ ಗೆರೆಗಳೆಲ್ಲ ಹಳೆ ಕಾಲದವು. ರಿಂಗಿನ ಕೆಳಗಿನ ಜಾಗ ಇನ್ನೂ ಲಂಗದ ಆಕಾರದಲ್ಲೇ ಇತ್ತು, ಮೂರು ಪಾಯಿಂಟಿನ ಗೆರೆ (ಇದರ ಹೊರಗಿಂದ ಹೊಡೆದರೆ ಮೂರು, ಒಳಗಿಂದ ಎರಡು) 6.25 ಮೀಟರ್‌ಗೆ. ಬ್ಯಾಸ್ಕೆಟ್‌ಬಾಲ್‌ನ ವಿಶ್ವ ಸಂಸ್ಥೆ ಫಿಬಾ 2010ರಲ್ಲೇ ಆ ಜಾಗವನ್ನು ಆಯತ ಮಾಡಿ, ಗೆರೆಯನ್ನು 6.75ಕ್ಕೆ ಒಯ್ದಿದೆ. ಗೌಂಡಿ ಒಬ್ಬರನ್ನು ಕರೆಸಿದೆವು. ರಿಂಗಿನ ನಡುಮಧ್ಯದಿಂದ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು, ಗುಂಡು ನಿಂತ ಕಡೆ ನೆಲಕ್ಕೆ ಒಂದು ಮೊಳೆ. ಕೊನೆಗೆರೆಯ ಒಳ ಅಂಚಿನಿಂದ ಆ ಮೊಳೆಗೆ 1.575 ಮೀಟರ್ ಬರಬೇಕು. ನಮಗೆ ಬರಲಿಲ್ಲ. ಕಂಬವೇ ಹಿಂದಕ್ಕೆ ವಾಲಿತ್ತು. ಎತ್ತರ ಅಳೆದರೆ 3.05 ಮೀಟರ್ ಇರಬೇಕಾದ ರಿಂಗ್ ಮೂರು ಬೆರಳು ಕಡಿಮೆ. ಯಾವಾಗಲೋ ಹಳೆ ನೆಲದ ಮೇಲೆ ಹೊಸ ಸಿಮೆಂಟ್ ಹಾಕಿದ್ದಾರೆ, ನೆಲ ಮೇಲೆ ಬಂದಿದೆ, ರಿಂಗ್ ಇದ್ದಲ್ಲೇ ಇದೆ. ಮೊದಲು ಕಂಬ ಸರಿ ಮಾಡಿ, ರಿಂಗ್ ಏರಿಸಿ, ಆಮೇಲೆ ಗೆರೆಗೆ ಬಂದೆವು.

ಮೊಳೆಗೆ ದಾರ ಕಟ್ಟಿ, ಇನ್ನೊಂದು ತುದಿಗೆ ಸೀಮೆಸುಣ್ಣ ಹಿಡಿದು ಸುತ್ತಬೇಕು. 6.75 ಅನ್ನೋದು ಗೆರೆಯ ಹೊರ ಅಂಚಿನ ಅಳತೆ. ಗೆರೆಯ 5 ಸೆಂಟಿಮೀಟರ್ ದಪ್ಪ ಒಳಗಡೆಗೆ ಬರಬೇಕು. ಎರಡೂ ಪಕ್ಕದಲ್ಲಿ ಅಂಚುಗೆರೆಯಿಂದ 90 ಸೆಂಟಿಮೀಟರ್ ಬಿಟ್ಟು ಗೆರೆ ನೇರ ಆಗಬೇಕು.

"ಅರ್ಧ ಮೀಟರ್ ಸಲುವಾಗಿ ಇಷ್ಟ್ಯಾಕ್ ತ್ರಾಸ್ರಿ ಸರ?" ಅಂದರು ಗೌಂಡಿ.

ತ್ರಾಸು ಯಾಕೆ ಅಂತ ಮೊದಲ ವಾರವೇ ಗೊತ್ತಾಯಿತು. ಹಳೆ ಗೆರೆಯನ್ನು ಬೂದು ಬಣ್ಣ ಹೊಡೆದು ಮುಚ್ಚಿದ್ದರೂ ಊರಿನ ಹುಡುಗರ ಕಾಲು ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ಮೂರು ಅಂತ ಕೈ ಎತ್ತುತ್ತಿದ್ದರು, ರೆಫರಿ ಎರಡು ಬೆರಳು ತೋರಿಸುತ್ತಿದ್ದರು. ಹೊರಗಿನಿಂದ ಬಂದವರಿಗೆ ಆ ಅಭ್ಯಾಸದ ಕಾಟ ಇರಲಿಲ್ಲ.

ಟೇಬಲ್‌ಗೆ ಮೂರೂ ಊರಲ್ಲಿ ಮಂದಿ ಬೇಕು. ಪಿ.ಟಿ. ಮಾಸ್ತರು, ಕಾಲೇಜಿನ ಹುಡುಗ-ಹುಡುಗಿಯರನ್ನು ಸೇರಿಸಿ ಕೂರಿಸಿ ಕಲಿಸಿದೆ. ಸ್ಕೋರ್ ಶೀಟ್ ಬರೆಯೋದು ನೋಡೋಕೆ ಸುಲಭ. ಪಂದ್ಯಕ್ಕೆ ನಾಲ್ಕು ಭಾಗ, ಒಂದೊಂದೂ ಒಂದು ಕ್ವಾರ್ಟರ್. ಒಂದನೇ ಮತ್ತು ಮೂರನೇ ಕ್ವಾರ್ಟರ್ ಕೆಂಪು ಪೆನ್ನಲ್ಲಿ, ಎರಡು ಮತ್ತು ನಾಲ್ಕು ನೀಲಿಯಲ್ಲಿ. ಬುಟ್ಟಿಗೆ ಬಿದ್ದರೆ ಅಡ್ಡಗೀಟು, ಫ್ರೀ ಥ್ರೋಗೆ (ಎದುರಿನವರ ಫೌಲ್‌ಗೆ ಸಿಗೋ, ಯಾರೂ ತಡೆಯದ ಎಸೆತ) ತುಂಬಿದ ಚುಕ್ಕಿ, ಮೂರು ಪಾಯಿಂಟ್ ಹೊಡೆದವನ ನಂಬರ್‌ಗೆ ಸುತ್ತ ಗೆರೆ. ಐದು ಫೌಲ್ ಆದವನು ಹೊರಗೆ. ಒಂದು ಕ್ವಾರ್ಟರ್‌ನಲ್ಲಿ ತಂಡದ ಐದನೇ ಫೌಲ್‌ನಿಂದ ಎದುರಿನವರಿಗೆ ಎರಡು ಫ್ರೀ ಥ್ರೋ. ಇದನ್ನೆಲ್ಲ ಒಂದು ಕೈ ಬರೆಯುತ್ತಿರುವಾಗ ಹಿಂದಿನಿಂದ ಮಾಲೀಕರ ಕಡೆಯವರು ಬಗ್ಗಿ "ಎಷ್ಟಾತು?" ಅಂತ ಕೇಳುತ್ತಿರುತ್ತಾರೆ. ಟೇಬಲ್ ಹಿಂದೆ ಯಾರೂ ನಿಲ್ಲಬಾರದು ಅಂತ ಹಗ್ಗ ಕಟ್ಟಿಸಿದೆ. ಇಡೀ ಸೀಸನ್‌ನಲ್ಲಿ ಅತಿ ಅಗ್ಗದ, ಅತಿ ಉಪಯೋಗದ ಖರ್ಚು ಅದೇ.

ಚೆಂಡು ಸಿಕ್ಕ ತಂಡ 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು, ಅದನ್ನು ಎಣಿಸೋ ಗಡಿಯಾರ ಶಾಟ್ ಕ್ಲಾಕ್. ಅದಕ್ಕೆ ದುಡ್ಡಿರಲಿಲ್ಲ. ಎರಡು ಹಳೆ ಟಿವಿ, ಒಂದು ಲ್ಯಾಪ್‌ಟಾಪ್. ಬಿಸಿಲಲ್ಲಿ ಟಿವಿ ಕಾಣಲ್ಲ ಅಂತ ಪಂದ್ಯಗಳನ್ನು ಸಂಜೆ ಐದೂವರೆಗೆ ತಳ್ಳಿದೆವು. ಆಡುವವರಲ್ಲಿ ಹಲವರು 24 ಸೆಕೆಂಡ್‌ನ ಗಡಿಯಾರ ಇಟ್ಟು ಆಡಿದವರೇ ಅಲ್ಲ. ಇದೇನು ಇಪ್ಪತ್ನಾಲ್ಕು ಅಂತ ಕೇಳುತ್ತಿದ್ದರು. 1954ರಲ್ಲಿ ಅಮೆರಿಕದ ಎನ್‌ಬಿಎ ಇದನ್ನು ತಂದಾಗ ಹಾಕಿದ ಲೆಕ್ಕ ಸರಳ. ಅವರ ಪಂದ್ಯ 48 ನಿಮಿಷ, ಅಂದ್ರೆ 2880 ಸೆಕೆಂಡ್. ಒಳ್ಳೆ ಪಂದ್ಯದಲ್ಲಿ ಎರಡೂ ತಂಡ ಸೇರಿ 120 ಸಲ ಬುಟ್ಟಿಗೆ ಎಸೆಯುತ್ತಾರೆ. ಭಾಗಿಸಿದರೆ 24. ನಮ್ಮ ಗಡಿಯಾರದ ಬಟನ್ ಹಿಡಿದವಳು ಡಿಗ್ರಿ ಓದುವ ಹುಡುಗಿ. ಚೆಂಡು ರಿಂಗಿಗೆ ತಾಗಿ ಅದೇ ತಂಡಕ್ಕೆ ಮತ್ತೆ ಸಿಕ್ಕರೆ 24 ಅಲ್ಲ, 14. ಅವಳ ಬೆರಳು ಅಲ್ಲಿ ಒಮ್ಮೆಯೂ ತಡವರಿಸಿದ್ದು ನಾನು ನೋಡಲಿಲ್ಲ. ದೊಡ್ಡ ದೊಡ್ಡ ಕೋಚ್‌ಗಳು ಬಂದು ಜಗಳ ತೆಗೆದರೂ "ರಿಂಗ್ ಟಚ್ ಆಗೇದ್ರಿ ಸರ" ಅಂದು ತಲೆ ಎತ್ತದೆ ಕೂತಿರುತ್ತಿದ್ದಳು.

ಈಗ ಪಾಯಿಂಟಿನ ವಿಷಯ. ಗೆದ್ದರೆ 2, ಸೋತರೆ 1, ಬಾರದಿದ್ದರೆ 0. ಇದು ನಮ್ಮದಲ್ಲ, ಫಿಬಾ ನಿಯಮವೇ ಹೀಗಿದೆ. ಮಾಲೀಕರ ಸಭೆಯಲ್ಲಿ ಇದಕ್ಕೆ ವಿರೋಧ ಬಂತು. ಸೋತವರಿಗೆ ಯಾಕೆ ಪಾಯಿಂಟ್, ಕಬಡ್ಡಿಯೇನು ಇದು ಅಂದರು ಒಬ್ಬರು. ನಾನು ಬಿಟ್ಟುಕೊಡಲಿಲ್ಲ. ಏಳು ಪಂದ್ಯ ಸೋತ ತಂಡ ಎಂಟನೇ ಪಂದ್ಯಕ್ಕೆ ಬಾಡಿಗೆ ಗಾಡಿ ಮಾಡಿಕೊಂಡು ಯಾಕೆ ಬರಬೇಕು? ಬಂದರೆ ಏನೋ ಸಿಗಬೇಕಲ್ವಾ.

ಯಾದಗಿರಿ ತಂಡದ್ದು ಅದೇ ಕಥೆ. ಕಲಬುರಗಿಯ ಒಂದು ತಂಡದ ವಿರುದ್ಧ ಆಡೋಕೆ ಇಲ್ಲಿಗೆ ಬರಬೇಕಿತ್ತು. ನಾಲ್ಕು ಜನ ಮುಂಚೆಯೇ ಬಂದಿದ್ದರು. ಉಳಿದವರ ರೈಲು ವಾಡಿಯಲ್ಲಿ ನಿಂತುಬಿಟ್ಟಿತು. ಪಂದ್ಯದ ಸಮಯವಾಗಿ 15 ನಿಮಿಷದೊಳಗೆ ಐದು ಜನ ತಯಾರಿಲ್ಲದಿದ್ದರೆ ಆ ತಂಡ ಸೋತಂತೆ, 20-0, ಪಾಯಿಂಟ್ ಸೊನ್ನೆ. ರೆಫರಿ ಗಡಿಯಾರ ಒತ್ತಿದರು. ಎದುರಿನ ತಂಡದ ಮಾಲೀಕರು ಟೇಬಲ್ ಮುಂದೆ ನಿಂತು ತಮ್ಮ ವಾಚನ್ನೂ ನೋಡತೊಡಗಿದರು. ಹನ್ನೆರಡು ನಿಮಿಷ ಆದಾಗ ಗೇಟಿನ ಹತ್ತಿರ ಆಟೊ ಸದ್ದು. ಒಬ್ಬ ಹುಡುಗ ಜೀನ್ಸ್ ಮೇಲೆಯೇ ಜರ್ಸಿ ಹಾಕಿಕೊಂಡು, ಶೂ ಕೈಯಲ್ಲಿ ಹಿಡಿದು ಓಡಿ ಬಂದ. ಶಹಾಬಾದ್‌ನಲ್ಲಿರುವ ಅವನ ಅಕ್ಕನ ಮನೆಯಿಂದ ಬಸ್ಸಿಗೆ ಬಂದಿದ್ದನಂತೆ. ಟೇಬಲ್ ಪಕ್ಕವೇ ಜೀನ್ಸ್ ಬದಲಿಸಿ ಕೋರ್ಟಿಗೆ ಇಳಿದ. ಐದೇ ಜನ, ಬೆಂಚ್ ಮೇಲೆ ಯಾರೂ ಇಲ್ಲ. ಉಳಿದವರು ಮೂರನೇ ಕ್ವಾರ್ಟರ್‌ಗೆ ಮುಟ್ಟಿದರು. ಯಾದಗಿರಿ ಆರು ಪಾಯಿಂಟಿನಿಂದ ಸೋತಿತು. ನಾನು ಶೀಟ್ ಮುಚ್ಚಿ ಒಂದು ಪಾಯಿಂಟ್ ಬರೆದೆ.

ಎರಡನೇ ಸಲ ಇದೇ ತಂಡಗಳು ಯಾದಗಿರಿಯಲ್ಲಿ ಎದುರಾದವು. ಯಾದಗಿರಿ ಐದರಿಂದ ಮುಂದಿತ್ತು, ಉಳಿದದ್ದು ಕೆಲವೇ ಸೆಕೆಂಡ್. ಗೆದ್ದಾಯಿತು ಅಂತ ಜನ ಕೋರ್ಟ್ ಅಂಚಿಗೆ ಬಂದುಬಿಟ್ಟಿದ್ದರು. ಅಷ್ಟರಲ್ಲಿ ಅವರ ಕೋಚ್ ಟೈಮ್ ಔಟ್ ಕೇಳಿ ಟೇಬಲ್ ಹತ್ತಿರ ಬಂದರು.

"ಸರ, ಹೋದ ಸಲ ಇವರ ಕೈಲಿ ಎಷ್ಟರಿಂದ ಸೋತಿದ್ವಿ?"

"ಆರು."

ಅವರು ಏನೂ ಹೇಳದೆ ಹೋಗಿ ಹುಡುಗರಿಗೆ ಒಂದು ಆಟ ಬರೆದು ತೋರಿಸಿದರು. ಕೊನೆ ಸೆಕೆಂಡಿನಲ್ಲಿ ರಿಂಗಿನ ಕೆಳಗಿಂದ ಒಂದು ಬುಟ್ಟಿ. ಏಳರಿಂದ ಗೆಲುವು. ಗೆದ್ದ ಮೇಲೂ ಯಾಕೆ ಹೊಡೆದಿರಿ ಅಂತ ಎದುರಿನವರು ಮುನಿಸಿಕೊಂಡರು.

ಒಂಬತ್ತನೇ ಸುತ್ತಿನಲ್ಲಿ ಆ ಕಲಬುರಗಿ ತಂಡ ಬೀದರ್‌ಗೆ ಹೋಗಲೇ ಇಲ್ಲ. ಮಾಲೀಕರ ಮನೆಯ ಮದುವೆ. ಅರ್ಧ ತಂಡ ಅಲ್ಲಿ ಪಂಕ್ತಿಗೆ ಬಡಿಸುತ್ತಿತ್ತು. ಸೀಸನ್ ಮುಗಿದಾಗ ಅವರದು ನಾಲ್ಕು ಗೆಲುವು, ಐದು ಸೋಲು, ಒಂದು ಗೈರು: 13 ಪಾಯಿಂಟ್. ಯಾದಗಿರಿಯದು ಮೂರೇ ಗೆಲುವು, ಏಳು ಸೋಲು: ಅದೂ 13. ಸಮ ಬಂದರೆ ಇಬ್ಬರ ನಡುವಿನ ಪಂದ್ಯ ನೋಡಬೇಕು. ಅಲ್ಲೂ ಒಂದೊಂದು ಗೆಲುವು. ಆಮೇಲೆ ಆ ಎರಡು ಪಂದ್ಯದ ಅಂತರ. ಆರು, ಏಳು. ಒಂದು ಪಾಯಿಂಟಿನಿಂದ ಯಾದಗಿರಿ ನಾಲ್ಕನೇ ಸ್ಥಾನಕ್ಕೆ ಬಂದು ಸೆಮಿಫೈನಲ್ ಸೇರಿತು. ಮಾಲೀಕರು ಎರಡೂ ಶೀಟ್ ತರಿಸಿ ಕೂಡಿಸಿ ನೋಡಿದರು. ಕೆಂಪು ನೀಲಿ ಎಲ್ಲ ಸರಿಯಾಗಿತ್ತು, ಕ್ಯಾಪ್ಟನ್ ಎಲ್ಲೂ ತಕರಾರಿನ ಸಹಿ ಹಾಕಿರಲಿಲ್ಲ.

ಸೆಮಿಫೈನಲ್‌ನಲ್ಲಿ ಯಾದಗಿರಿ ದೊಡ್ಡ ಅಂತರದಿಂದಲೇ ಸೋತಿತು. ಫೈನಲ್ ಬೀದರ್‌ನವರು ಗೆದ್ದರು. ಅದನ್ನು ಪೇಪರಿನವರು ಬರೆದಿದ್ದಾರೆ, ನಾನು ಮತ್ತೆ ಬರೆಯಲ್ಲ.

ಈ ವರ್ಷದ ಎಂಟ್ರಿ ಫಾರ್ಮ್ ಎಲ್ಲರಿಗೂ ಕಳಿಸಿದ್ದೇನೆ. ಮೊದಲು ತುಂಬಿ ಕಳಿಸಿದವರು ಆ ಮದುವೆ ಮನೆಯ ಮಾಲೀಕರು. ಜೊತೆಗೊಂದು ಚೀಟಿ ಪಿನ್ ಮಾಡಿದ್ದಾರೆ. ಅವರ ಮನೆಯಲ್ಲಿ ಈ ಸಲ ಎರಡು ಮದುವೆಯಂತೆ, ಎರಡರ ತಾರೀಖೂ ಬರೆದಿದ್ದಾರೆ.