ಆನೆ ಅಂದರೆ ಎಷ್ಟು ಚೀಲ? ತೂಕ ಕಲಿಸಿದ ನನ್ನ ಅನುಭವ

ಚಿತ್ತಾಪುರ ತಾಲ್ಲೂಕಿನ ಒಂದು ಹಳ್ಳಿಯ ಸರಕಾರಿ ಶಾಲೆಯಲ್ಲಿ ನಾನು ಐದರಿಂದ ಏಳನೇ ತರಗತಿಗೆ ಗಣಿತ, ವಿಜ್ಞಾನ ಹೇಳಿಕೊಡುತ್ತೇನೆ. ಒಂದು ಟನ್ನಿಗೆ ಎಷ್ಟು ಕೆಜಿ ಅಂದರೆ ಇಡೀ ತರಗತಿ ಒಂದೇ ದನಿಯಲ್ಲಿ ಸಾವಿರ ಅನ್ನುತ್ತದೆ. ಎಮ್ಮೆ ಎಷ್ಟು ತೂಕ ಇರಬಹುದು ಅಂತ ಕೇಳಿ ನೋಡಿ. ಒಬ್ಬ ಐವತ್ತು ಕೆಜಿ ಅನ್ನುತ್ತಾನೆ, ಪಕ್ಕದವನು ಐದು ಟನ್ ಅನ್ನುತ್ತಾನೆ. ಇಬ್ಬರ ಮನೆಯಲ್ಲೂ ಎಮ್ಮೆ ಇದೆ!

ಲೆಕ್ಕ ಬರುತ್ತದೆ, ತೂಕ ಗೊತ್ತಿಲ್ಲ. ಕೈಯಲ್ಲಿ ಎತ್ತಲು ಆಗುವಷ್ಟರ ಮಟ್ಟಿಗೆ ಮಾತ್ರ ಮಕ್ಕಳಿಗೆ ತೂಕ ಅಂದರೆ ಏನು ಅಂತ ಗೊತ್ತು, ಅದರಾಚೆ ಎಲ್ಲ ಬರೀ ಅಂಕಿ. ಪುಸ್ತಕಗಳು ತಿಮಿಂಗಿಲ ಇಷ್ಟು ಆನೆಗೆ ಸಮ ಅಂತ ಚಿತ್ರ ಹಾಕುತ್ತವೆ. ನಮ್ಮ ಹುಡುಗರಲ್ಲಿ ಹೆಚ್ಚಿನವರು ಆನೆಯನ್ನೇ ಎದುರಿಗೆ ನೋಡಿಲ್ಲ, ಟಿವಿಯಲ್ಲಿ ದಸರಾ ನೋಡಿದ್ದಾರೆ ಅಷ್ಟೇ. ನೋಡದ ಒಂದನ್ನು ನೋಡದ ಇನ್ನೊಂದರ ಜೊತೆ ಹೋಲಿಸಿದರೆ ಏನು ಬಂತು? ಹಾಗಾಗಿ ನಾನು ಒಂದು ನಿಯಮ ಮಾಡಿಕೊಂಡೆ. ಮಕ್ಕಳು ಎತ್ತಿದ್ದು ಇಲ್ಲವೇ ದಿನಾ ನೋಡುವುದು, ಅದರಿಂದಲೇ ಶುರು ಮಾಡಬೇಕು, ಮತ್ತು ಒಂದು ವಸ್ತುವಿನಿಂದ ಮುಂದಿನದಕ್ಕೆ ಹತ್ತಿಪ್ಪತ್ತು ಪಟ್ಟು, ತೀರಾ ಜಾಸ್ತಿ ಅಂದರೆ ಮೂವತ್ತು ಪಟ್ಟು, ಅದಕ್ಕಿಂತ ದೊಡ್ಡ ಜಿಗಿತ ಬೇಡ.

ಮೊದಲು ಕೈ. ಹತ್ತು ರೂಪಾಯಿ ನಾಣ್ಯ ಒಂದು 7.7 ಗ್ರಾಂ ಇರುತ್ತದೆ, ಹದಿಮೂರು ಸೇರಿದರೆ ಸರಿಯಾಗಿ ನೂರು ಗ್ರಾಂ. ಕಿರಾಣಿ ಅಂಗಡಿಯಲ್ಲಿ ಬದಲಾಯಿಸಿ ತಂದರೆ ಆಯಿತು, ಬೇರೆ ತೂಕದ ಕಲ್ಲು ಬೇಕಿಲ್ಲ. ಆಮೇಲೆ ಪಾವ್ ಕಿಲೋ ಬೇಳೆ, ಒಂದು ಕಿಲೋ ಉಪ್ಪಿನ ಪಾಕೀಟು, ಒಂದು ಲೀಟರ್ ನೀರಿನ ಬಾಟಲಿ. ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ಹಿಡಿದು ಹೇಳಬೇಕು. ಇಲ್ಲಿ ಒಂದು ಮೋಜಿನ ಪ್ರಯೋಗ ಇದೆ, ಬಿಡಬೇಡಿ. ಒಂದು ದೊಡ್ಡ ಡಬ್ಬಿ, ಒಂದು ಸಣ್ಣ ಡಬ್ಬಿ ತಗೊಳ್ಳಿ, ಎರಡಕ್ಕೂ ಮರಳು ತುಂಬಿ ಡಬ್ಬಿ ಸಮೇತ ಸರಿಯಾಗಿ ಅರ್ಧ ಕಿಲೋ ಮಾಡಿ. ಈ ಸಲ ಕಣ್ಣು ತೆರೆದೇ ಎತ್ತಬೇಕು. ಹೆಚ್ಚು ಕಡಿಮೆ ಎಲ್ಲರೂ ಸಣ್ಣದೇ ಭಾರ ಅನ್ನುತ್ತಾರೆ. ತಕ್ಕಡಿಯಲ್ಲಿಟ್ಟು ಸಮ ಅಂತ ತೋರಿಸಿ ಮತ್ತೆ ಎತ್ತಿಸಿ, ಆಗಲೂ ಸಣ್ಣದೇ ಭಾರ ಅನಿಸುತ್ತದೆ! ಫ್ರಾನ್ಸಿನ ಶಾರ್ಪಾಂತಿಯೇ ಎಂಬ ವೈದ್ಯ 1891ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ದೊಡ್ಡದು ಭಾರ ಇರುತ್ತದೆ ಅಂತ ನಾವು ಮೊದಲೇ ಅಂದುಕೊಂಡು ಎತ್ತುತ್ತೇವೆ, ಅಷ್ಟು ಇಲ್ಲದಿದ್ದಾಗ ಹಗುರ ಅನಿಸುತ್ತದೆ ಅನ್ನುವುದು ಒಂದು ವಿವರಣೆ. ಕಾರಣ ಏನೇ ಇರಲಿ, ತಕ್ಕಡಿ ಯಾಕೆ ಬೇಕು ಅನ್ನುವುದು ಇದರಷ್ಟು ಚೆನ್ನಾಗಿ ಬೇರೆ ಯಾವುದರಿಂದಲೂ ತಿಳಿಯುವುದಿಲ್ಲ.

ನಂತರ ಮನೆಗೆ ಕೆಲಸ ಕೊಟ್ಟೆ. ಗ್ಯಾಸ್ ಸಿಲಿಂಡರ್ ಮೇಲೆ ಖಾಲಿ ತೂಕ ಬರೆದಿರುತ್ತದೆ, ಓದಿಕೊಂಡು ಬನ್ನಿ ಅಂತ. ಒಳಗಿನ ಗ್ಯಾಸು 14.2 ಕೆಜಿ, ಖಾಲಿ ಸಿಲಿಂಡರು ಸುಮಾರು ಹದಿನೈದು ಹದಿನಾರು, ಒಟ್ಟು ಮೂವತ್ತರ ಹತ್ತಿರ. ಅಂದರೆ ಆರನೇ ತರಗತಿಯ ಒಂದು ಮಗು ಮತ್ತು ತುಂಬಿದ ಸಿಲಿಂಡರು ಹೆಚ್ಚು ಕಡಿಮೆ ಒಂದೇ ತೂಕ. ಇದು ಗೊತ್ತಾದ ಮೇಲೆ ಹುಡುಗರು ಒಬ್ಬರನ್ನೊಬ್ಬರು ಸಿಲಿಂಡರ್ ಅಂತಲೇ ಕರೆಯಲು ಶುರು ಮಾಡಿದರು, ಅದನ್ನು ನಿಲ್ಲಿಸಲು ನನಗೆ ಸಾಕಾಯಿತು.

ಮುಂದಿನದು ಚೀಲ. ನಮ್ಮ ಕಡೆ ಇದಕ್ಕಿಂತ ಒಳ್ಳೆಯ ಅಳತೆ ಇಲ್ಲ. ವಾಡಿ, ಶಹಾಬಾದ್ ಕಡೆ ಸಿಮೆಂಟಿನ ಲಾರಿ ನೋಡದ ಮಗು ಇಲ್ಲ, ಒಂದು ಚೀಲ 50 ಕೆಜಿ. ಯೂರಿಯಾ ಚೀಲ ಮೊದಲು 50 ಇತ್ತು, 2018ರಿಂದ 45 ಆಗಿದೆ, ಡಿಎಪಿ ಗೊಬ್ಬರದ್ದು ಇನ್ನೂ 50. ಒಬ್ಬ ಹುಡುಗನ ತಂದೆ ಕಲಬುರಗಿ ಎಪಿಎಂಸಿಯಲ್ಲಿ ಹಮಾಲಿ. ತೊಗರಿ ಸುಗ್ಗಿ ಮುಗಿದ ಮೇಲೆ ಅವರನ್ನು ಶಾಲೆಗೆ ಕರೆದೆ. ಮಕ್ಕಳು ಮೂರು ಮೂರು ಜನ ಸೇರಿ ಚೀಲ ಅಲುಗಿಸಲು ನೋಡಿದರು. ಅವರು ಬಗ್ಗಿ, ಬೆನ್ನಿಗೆ ಹಾಕಿಕೊಂಡು, ಮಾತಾಡುತ್ತಲೇ ನಡೆದುಹೋದರು. "ಕಾಕಾ, ಭಾರ ಆಗಂಗಿಲ್ಲೇನ್ರಿ?" ಅಂತ ಒಬ್ಬಳು ಕೇಳಿದಳು. "ಭಾರ ಅಂತೂ ಆಗ್ತದವ್ವಾ. ಕೈಲೆ ಎತ್ತಿದ್ರ ಜಾಸ್ತಿ, ಬೆನ್ನಿನ ಮ್ಯಾಲ ಕುಂತ್ರ ಕಡಿಮಿ" ಅಂದರು. ತೂಕ ಅಷ್ಟೇ ಇದ್ದರೂ ಹೊರುವ ರೀತಿಯಿಂದ ಭಾರ ಬೇರೆ ಅನಿಸುತ್ತದೆ ಅನ್ನುವುದಕ್ಕೆ ನಾನು ಅರ್ಧ ಗಂಟೆ ಮಾತಾಡುತ್ತಿದ್ದೆನೇನೋ.

ಶಹಾಬಾದ್ ಕಲ್ಲಿನ ಲೆಕ್ಕವನ್ನೂ ಇಲ್ಲೇ ಮಾಡಿಸಿದೆ. ಒಂದು ಘನ ಅಡಿ ನೀರು ಸುಮಾರು 28 ಕೆಜಿ. ಈ ಸುಣ್ಣದ ಕಲ್ಲು ನೀರಿಗಿಂತ ಎರಡೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಭಾರ, ಅಂದರೆ ಒಂದು ಘನ ಅಡಿ ಕಲ್ಲು ಎಪ್ಪತ್ತೈದು ಕೆಜಿ ಆಸುಪಾಸು. ಮನೆಗೆ ಹಾಸುವ ಎರಡಡಿ ಚೌಕದ, ಒಂದಿಂಚು ದಪ್ಪದ ಕಲ್ಲು ಸುಮಾರು 25 ಕೆಜಿ. ಎರಡು ಹಾಸುಗಲ್ಲು ಒಂದು ಸಿಮೆಂಟ್ ಚೀಲ.

ಟನ್ನಿಗೆ ಶಾಲೆಯ ಮೇಲಿನ ನೀರಿನ ಟ್ಯಾಂಕು ಸಾಕು. ಸಾವಿರ ಲೀಟರಿನದು, ತುಂಬಿದರೆ ನೀರೇ ಒಂದು ಟನ್. ದಿನಾ ಕಣ್ಣಿಗೆ ಬೀಳುತ್ತದೆ, ಮತ್ತೇನು ಬೇಕು.

ಎಲ್ಲಕ್ಕಿಂತ ಚೆನ್ನಾಗಿ ನಡೆದದ್ದು ಎತ್ತಿನ ಅಳತೆ. ದನವನ್ನು ಕಾಟಾ ಮೇಲೆ ನಿಲ್ಲಿಸದೆ ಟೇಪಿನಿಂದಲೇ ತೂಕ ಅಂದಾಜು ಮಾಡಬಹುದು, ಔಷಧಿ ಎಷ್ಟು ಕೊಡಬೇಕು ಅಂತ ತಿಳಿಯಲು ಪಶುವೈದ್ಯರೂ ಹೀಗೆ ಅಳೆಯುತ್ತಾರೆ. ಟೈಲರ್ ಟೇಪು ಒಂದು ಬೇಕು, ಗಿಡ್ಡ ಆಯಿತು ಅಂದರೆ ಮೊದಲು ದಾರದಲ್ಲಿ ಸುತ್ತಿ ಆಮೇಲೆ ದಾರ ಅಳೆಯಿರಿ. ಮುಂಗಾಲಿನ ಹಿಂದೆಯೇ ಎದೆಯ ಸುತ್ತಳತೆ ಇಂಚಿನಲ್ಲಿ ತಗೊಳ್ಳಬೇಕು. ಭುಜದ ಮುಂದಿನ ಮೂಳೆಯಿಂದ ಬಾಲದ ಪಕ್ಕದ ಮೂಳೆವರೆಗೆ ಉದ್ದ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ತೂಕ ಕೆಜಿಯಲ್ಲಿ ಬರುತ್ತದೆ. ದನ ನೆಟ್ಟಗೆ ನಿಂತಿರಬೇಕು, ತಲೆ ಎತ್ತಿರಬೇಕು, ಮತ್ತು ಅಳೆಯುವಾಗ ಅದರ ಮನೆಯವರೇ ಹಗ್ಗ ಹಿಡಿದಿರಬೇಕು. ಹಿಂಗಾಲಿನ ಹತ್ತಿರ ಮಕ್ಕಳು ಹೋಗಬಾರದು, ಇದನ್ನು ಮೂರು ಸಲ ಹೇಳಿ.

ಬೀದರ್ ಕಡೆಯಿಂದ ತಂದ ಕಪ್ಪು ಬಿಳಿ ಮಚ್ಚೆಯ ದೇವಣಿ ಎತ್ತು ಒಂದು ನಮ್ಮ ಊರಲ್ಲಿದೆ. ಸುತ್ತಳತೆ 70, ಉದ್ದ 58 ಬಂತು. 70 ಗುಣಿಸು 70 ಗುಣಿಸು 58, ಭಾಗಿಸು 660. ನೆಲದ ಮೇಲೆ ಕುಳಿತು ಲೆಕ್ಕ ಹಾಕಿದರು, 430 ಬಂತು. ಎತ್ತಿನ ಮನೆಯ ಹುಡುಗ ಓಡಿ ಬಂದ. "ಸರ್, ನಮ್ಮ ಎತ್ತು ಎಂಟೂವರಿ ಚೀಲ ಸಿಮೆಂಟ್ ಆಗ್ತದ್ರಿ!" ಕೆಜಿಯನ್ನು ಅವನೇ ಚೀಲಕ್ಕೆ ಇಳಿಸಿದ್ದ, ನಾನು ಹೇಳಿರಲಿಲ್ಲ. ಭಾಗಾಕಾರ ಅಂದರೆ ಓಡುವ ಹುಡುಗ ಅವನು.

ಇಷ್ಟಾದ ಮೇಲೆ ಆನೆ ಕಷ್ಟ ಆಗಲಿಲ್ಲ. ಮೈಸೂರು ದಸರೆಗೆ ಮುಂಚೆ ಪ್ರತಿ ವರ್ಷ ಆನೆಗಳನ್ನು ವೇ ಬ್ರಿಡ್ಜಿಗೆ ಕರೆದುಕೊಂಡು ಹೋಗಿ ತೂಗುತ್ತಾರೆ, ಲಾರಿ ತೂಗುವ ಕಾಟಾ ಇದೆಯಲ್ಲ, ಅದರ ಮೇಲೆ. ಅಂಬಾರಿ ಹೊತ್ತ ಅಭಿಮನ್ಯು 5,000 ಕೆಜಿಗಿಂತ ಜಾಸ್ತಿ. ಐದು ಟ್ಯಾಂಕು ನೀರು, ಇಲ್ಲವೇ ನೂರು ಚೀಲ, ಇಲ್ಲವೇ ಹನ್ನೊಂದು ಹನ್ನೆರಡು ದೇವಣಿ ಎತ್ತು. ಚಿನ್ನದ ಅಂಬಾರಿ 750 ಕೆಜಿ ಅನ್ನುತ್ತಾರೆ, ಅಂದರೆ ಆನೆಯ ಮೈತೂಕದ ನೂರಕ್ಕೆ ಹದಿನೈದು ಪಾಲು. ಅದಕ್ಕೂ ಮುಂಚೆ ಮರಳು ಮೂಟೆ ಹೊರಿಸಿ ತಾಲೀಮು ಮಾಡಿಸುತ್ತಾರೆ. ಹಾಗಾದರೆ ನಿಮ್ಮ ಪಾಟಿಚೀಲ ಎಷ್ಟು ಪಾಲು ನೋಡಿ ಅಂದೆ. 28 ಕೆಜಿಯ ಹುಡುಗಿಯ ಚೀಲ ನಾಲ್ಕೂವರೆ ಕೆಜಿ ಬಂತು, ನೂರಕ್ಕೆ ಹದಿನಾರು. ಆನೆಗಿಂತ ಜಾಸ್ತಿ! ಚೀಲ ಮೈತೂಕದ ಹತ್ತನೇ ಒಂದು ಪಾಲು ದಾಟಬಾರದು ಅಂತ ಕೇಂದ್ರ ಸರಕಾರದ 2020ರ ನೀತಿ ಇದೆ. ಮಾರನೇ ದಿನದಿಂದ ಬೇಡದ ಪುಸ್ತಕಗಳು ಮನೆಯಲ್ಲೇ ಉಳಿದವು, ನನ್ನ ಗಣಿತದ ಪುಸ್ತಕವೂ ಸೇರಿ.

ತಿಮಿಂಗಿಲಕ್ಕೆ ಮೂವತ್ತು ಪಟ್ಟು ಜಿಗಿಯಬೇಕು. ನೀಲಿ ತಿಮಿಂಗಿಲ ನೂರರಿಂದ ನೂರೈವತ್ತು ಟನ್, ಅಂದರೆ ಇಪ್ಪತ್ತರಿಂದ ಮೂವತ್ತು ಅಭಿಮನ್ಯು. ಹುಟ್ಟಿದ ಮರಿಯೇ ಎರಡೂವರೆ ಟನ್ ಇರುತ್ತದೆ, ನಮ್ಮ ಹೊಲದ ಟ್ರ್ಯಾಕ್ಟರಿಗಿಂತ ಜಾಸ್ತಿ. ಅಷ್ಟು ತೂಕದ ಪ್ರಾಣಿ ಹೆಂಗ ಬದುಕ್ತದ ಅಂತ ಕೇಳಿದರು. ಬಾವಿಯಲ್ಲಿ ನೀರು ಸೇದಿದ ಮಕ್ಕಳಿಗೆ ಉತ್ತರ ಅವರ ಕೈಯಲ್ಲೇ ಇದೆ. ಕೊಡ ನೀರೊಳಗೆ ಇರುವಾಗ ಹಗ್ಗ ಹಗುರ, ಮೇಲೆ ಬಂದ ಕೂಡಲೇ ಎಳೆಯುತ್ತದೆ. ತಿಮಿಂಗಿಲದ ಭಾರವನ್ನೂ ನೀರೇ ಹೊರುತ್ತದೆ. ದಡಕ್ಕೆ ಬಿದ್ದರೆ ಅದರ ತೂಕವೇ ಅದಕ್ಕೆ ಕುತ್ತು.

ಕೊನೆಗೆ ವಿಜಯಪುರ ಪ್ರವಾಸದಲ್ಲಿ ನೋಡಿದ ಮಲಿಕ್-ಎ-ಮೈದಾನ್ ತೋಪಿನ ಲೆಕ್ಕ. ಅದು ಸುಮಾರು 55 ಟನ್, ಅಂದರೆ ಹನ್ನೊಂದು ಆನೆ. ಪರಾಂಡಾ ಕೋಟೆಯಿಂದ ಅದನ್ನು ಎಳೆದು ತರಲು ಹತ್ತು ಆನೆ, ನಾನೂರು ಎತ್ತು, ನೂರಾರು ಜನ ಬೇಕಾದರು ಅಂತ ಕಥೆ ಇದೆ. ಮಕ್ಕಳು ಕೂಡಿಸಿದರು, ಬರೀ ಎತ್ತುಗಳೇ 170 ಟನ್ ದಾಟಿದವು. "ಎಳೆಯೋ ಎತ್ತುಗಳೇ ತೋಪಿಗಿಂತ ಮೂರು ಪಟ್ಟು ಭಾರ ಅದಾವ, ಯಾಕ್ರಿ ಸರ್? ನಮ್ಮ ಎರಡು ಎತ್ತು ಗಾಡಿ ತುಂಬಾ ಚೀಲ ಎಳೀತಾವಲ್ಲ?" ತೂಕ ಅಷ್ಟೇ ಇದ್ದರೂ ನೆಲ ಬದಲಾದರೆ ಎಳೆಯುವ ಬಲ ಬದಲಾಗುತ್ತದೆ ಅಂತ ತೋರಿಸಲು ಒಂದು ಇಟ್ಟಿಗೆಗೆ ರಬ್ಬರ್ ಬ್ಯಾಂಡ್ ಕಟ್ಟಿ ಮರಳಲ್ಲಿ ಎಳೆಸಿದೆ, ಆಮೇಲೆ ಕಡಪ ಕಲ್ಲಿನ ಮೇಲೆ, ಆಮೇಲೆ ಕೆಳಗೆ ಪೆನ್ಸಿಲ್ ಉರುಳಿಸಿ. ರಬ್ಬರ್ ಎಷ್ಟು ಹಿಗ್ಗಿತು ಅಂತ ಸ್ಕೇಲಿನಲ್ಲಿ ಅಳೆದು ಬರೆದುಕೊಂಡರು. ಮರಳಲ್ಲಿ ಎಲ್ಲಕ್ಕಿಂತ ಜಾಸ್ತಿ, ಪೆನ್ಸಿಲ್ ಮೇಲೆ ತೀರಾ ಕಡಿಮೆ. ಆಮೇಲೆ ಹಲಗೆ ಓರೆ ಮಾಡಿ ಏರು ಹತ್ತಿಸಿದಾಗ ರಬ್ಬರೇ ಹರಿದುಹೋಯಿತು. ಈಗ ದಪ್ಪ ರಬ್ಬರ್ ತರಲು ಹೇಳಿದ್ದೇನೆ, ಸೈಕಲ್ ಟ್ಯೂಬಿನ ಪಟ್ಟಿ ಆದರೂ ನಡೆಯುತ್ತದೆ.