ವಿಆರ್ ತಲೆಗೆ ಹಾಕಿದರೆ ಸಾಲದು, ಕೈಗೆ ಪೋರ್ಟ್ ಬೇಕು

ಪುಣೆಯ ನಮ್ಮ ಆಸ್ಪತ್ರೆಯಲ್ಲಿ ಈಗ ವಿಆರ್‌ನಲ್ಲಿ (ತಲೆಗೆ ಹೆಡ್‌ಸೆಟ್ ಹಾಕಿಕೊಂಡು ನೋಡುವ ಕಂಪ್ಯೂಟರ್ ಲೋಕ) ಪಾಸಾಗದೆ ಯಾವ ರೆಸಿಡೆಂಟೂ, ಅಂದರೆ ಸರ್ಜರಿ ಕಲಿಯುತ್ತಿರುವ ಡಾಕ್ಟರೂ, ಲ್ಯಾಪರೋಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ತೂತು ಮಾಡಿ, ಕ್ಯಾಮೆರಾ ನೋಡಿಕೊಂಡು ಮಾಡುವ ಆಪರೇಷನ್) ಪಿತ್ತಕೋಶಕ್ಕೆ ಕೈ ಹಾಕುವ ಹಾಗಿಲ್ಲ. ಶುರುವಿನಲ್ಲಿ 'ಗೇಮ್ ಆಡಿಸಿ ಸರ್ಜನ್ ಮಾಡ್ತೀರಾ' ಅಂದ ಹಿರಿಯರೇ ಜಾಸ್ತಿ. 2002ರಲ್ಲೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು 16 ರೆಸಿಡೆಂಟ್‌ಗಳನ್ನು ಹೋಲಿಸಿ ನೋಡಿದ್ದರು. ವಿಆರ್‌ನಲ್ಲಿ ಪಳಗಿದವರು ಪಿತ್ತಕೋಶವನ್ನು ಶೇ 29ರಷ್ಟು ಬೇಗ ಬಿಡಿಸಿದ್ದರು. ಅದನ್ನು ಮುಂದಿಟ್ಟರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ದುಡ್ಡಿನ ವಿಷಯ ಮೊದಲು ಹೇಳಿಬಿಡುತ್ತೇನೆ. ರೆಡಿ ಸಿಮ್ಯುಲೇಟರ್‌ಗೆ ಅರ್ಧ ಕೋಟಿ ಮೇಲೆ ಕೇಳಿದರು, ವರ್ಷ ವರ್ಷದ ನಿರ್ವಹಣೆ ಖರ್ಚು (ಎಎಂಸಿ) ಬೇರೆ. ನಾವು ಎರಡು ಕ್ವೆಸ್ಟ್ 2 ವಿಆರ್ ಹೆಡ್‌ಸೆಟ್ ತಗೊಂಡೆವು, ಒಂದಕ್ಕೆ ಸುಮಾರು 35 ಸಾವಿರ. ಹಿಂಜವಡಿಯಲ್ಲಿ ಕೆಲಸ ಮಾಡುವ ಧಾರವಾಡದ ಹುಡುಗನೊಬ್ಬ ಗೇಮ್ ಮಾಡಲು ಬಳಸುವ ಯೂನಿಟಿಯಲ್ಲಿ ಸಾಫ್ಟ್‌ವೇರ್ ಬರೆದುಕೊಟ್ಟ. ಎಲ್ಲ ಸೇರಿ ಎರಡು ಲಕ್ಷ ದಾಟಲಿಲ್ಲ.

ಮೊದಲ ಕೆಲವು ತಿಂಗಳು ಏನೂ ಗಿಟ್ಟಲಿಲ್ಲ. ಕೈಯಲ್ಲಿ ಹಿಡಿಯುವ ಕಂಟ್ರೋಲರ್ ಗಾಳಿಯಲ್ಲಿ ಬಲಕ್ಕೆ ಹೋದರೆ ಒಳಗಿನ ಇನ್‌ಸ್ಟ್ರುಮೆಂಟೂ ಬಲಕ್ಕೇ ಹೋಗುತ್ತಿತ್ತು. ನಿಜವಾದ ಹೊಟ್ಟೆಯಲ್ಲಿ ಇನ್‌ಸ್ಟ್ರುಮೆಂಟ್ ಪೋರ್ಟ್ ಅನ್ನುವ ತೂತಿನಲ್ಲಿ ಊರಿ ಸನ್ನೆಗೋಲಿನ ಹಾಗೆ ತಿರುಗುತ್ತದೆ, ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ ಹೋಗಬೇಕು, ಅಲ್ವಾ? ಅಭ್ಯಾಸ ಹೆಚ್ಚಾದಷ್ಟೂ ಥಿಯೇಟರಿನಲ್ಲಿ ಗೊಂದಲ ಜಾಸ್ತಿ.

ಆಮೇಲೆ ಬಾಯಿ (ಜಾ) ಸವೆದು ಮೂಲೆ ಸೇರಿದ್ದ ಮೇರಿಲ್ಯಾಂಡ್ ಒಂದು ಸಿಕ್ಕಿತು, ಅಂಗಾಂಶ ಬಿಡಿಸುವ ಉದ್ದನೆಯ ಇನ್‌ಸ್ಟ್ರುಮೆಂಟ್ ಅದು. ಅದರ ಹಿಡಿಗೆ ಕಂಟ್ರೋಲರ್ ಕಟ್ಟಿದೆವು. ಪ್ಲೈವುಡ್ ಸ್ಟ್ಯಾಂಡಿಗೆ ಪೋರ್ಟ್ ಬದಲಿಗೆ ದಪ್ಪ ರಬ್ಬರ್ ಗ್ರಾಮೆಟ್ (ತೂತಿಗೆ ಹಾಕುವ ಬಳೆ) ಕೂರಿಸಿ ಮೇರಿಲ್ಯಾಂಡನ್ನು ಅದರೊಳಗೆ ತೂರಿಸಿದೆವು. ತುದಿ ಎಲ್ಲಿದೆ ಅಂತ ಸಾಫ್ಟ್‌ವೇರ್ ಆ ತೂತಿನಿಂದ ಲೆಕ್ಕ ಹಾಕುತ್ತದೆ. ಸ್ಟ್ಯಾಂಡ್ ಅಡ್ಡ ಬಂದು ಟ್ರ್ಯಾಕಿಂಗ್ ತಪ್ಪುತ್ತಿತ್ತು. ಕಂಟ್ರೋಲರನ್ನು ಯಾವ ಕೋನದಲ್ಲಿ ಕಟ್ಟಿದರೆ ತಪ್ಪುವುದಿಲ್ಲ ಅನ್ನುವುದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಳ್ಳುತ್ತೇನೆ.

ನಿಜವಾದ ಲಾಭ ಆದದ್ದು ಎಡಗೈಗೆ. ಹೊಸಬರ ಬಲಗೈ ದುಡಿಯುತ್ತದೆ, ಎಡಗೈ ಹಾರ್ಟ್‌ಮನ್ ಪೌಚ್ (ಪಿತ್ತಕೋಶದ ಕುತ್ತಿಗೆಯ ಹತ್ತಿರದ ಉಬ್ಬು) ಹಿಡಿದು ಸುಮ್ನೆ ನಿಂತುಬಿಡುತ್ತದೆ. ಅದನ್ನು ಹೊರಕ್ಕೆ ಎಳೆದು ಕ್ಯಾಲಟ್ ತ್ರಿಕೋನ, ಅಂದರೆ ಕತ್ತರಿಸಬೇಕಾದ ನಾಳ, ರಕ್ತನಾಳ ಇರುವ ಜಾಗ, ಬಿಚ್ಚಿಸುವವರೇ ಇಲ್ಲ. ಅದಕ್ಕೇ ನಮ್ಮ ಸಾಫ್ಟ್‌ವೇರಿನಲ್ಲಿ ಎಡಗೈ ಇಂತಿಷ್ಟು ಸೆಕೆಂಡ್ ಅಲುಗದಿದ್ದರೆ ಅಂಕ ಕಟ್. ಸಮಯಕ್ಕೆ ಅಂಕವೇ ಇಲ್ಲ. ಬೆಳಗಾವಿಯ ರೆಸಿಡೆಂಟ್ ಒಬ್ಬ ಮೊನ್ನೆ 'ಸರ್, ಎಡಗೈ ಈಗ ಮಾತ್ ಕೇಳ್ತದ್ರಿ' ಅಂದ. ಅವನ ಕೇಸಿನಲ್ಲಿ ನಾನು ಕ್ಯಾಮೆರಾ ಹಿಡಿದು ನಿಂತದ್ದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಪುಣೆಯಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇದನ್ನು ಮಾಡಿದವರನ್ನು ನಾನಂತೂ ನೋಡಿಲ್ಲ.

ಹೆಡ್‌ಸೆಟ್ ಹಾಕಿದಾಗ ಬರುವ ತಲೆಸುತ್ತಿಗೆ ಎದುರಿಗೆ ಟೇಬಲ್ ಫ್ಯಾನ್ ಇಟ್ಟು ನೋಡಿದೆವು, ಹಲವರಿಗೆ ಕಡಿಮೆಯಾಯಿತು. ಒಂದು ಕೂತಲ್ಲಿ 20 ನಿಮಿಷಕ್ಕಿಂತ ಹೆಚ್ಚು ಬೇಡ.

ಅಂಗಾಂಶ ಎಷ್ಟು ಎಳೆದರೆ ಹರಿಯುತ್ತದೆ ಅನ್ನುವುದನ್ನು ಮಾತ್ರ ವಿಆರ್ ಕಲಿಸಲಿಲ್ಲ. ಕಂಟ್ರೋಲರ್ ನಡುಗಿಸಿ ನೋಡಿದೆವು, ಪ್ರಯೋಜನವಿಲ್ಲ. ಅದಕ್ಕೆ ಪುಣೆಯ ಎಲೆಕ್ಟ್ರಾನಿಕ್ಸ್ ಬಜಾರಾದ ತಪಕೀರ್ ಗಲ್ಲಿಯ ವೆಬ್‌ಕ್ಯಾಮ್, ಎಲ್‌ಇಡಿ ಹಾಕಿ ಬಾಕ್ಸ್ ಟ್ರೇನರ್ (ನಿಜವಾದ ಇನ್‌ಸ್ಟ್ರುಮೆಂಟ್ ತೂರಿಸಿ ಅಭ್ಯಾಸ ಮಾಡುವ ಡಬ್ಬಿ) ಮಾಡಿದೆವು. ಒಳಗೆ ದ್ರಾಕ್ಷಿ ಸಿಪ್ಪೆ ಬಿಡಿಸುವುದು, ಆಮೇಲೆ ಕೋಳಿ ತೊಡೆಯ ಚರ್ಮ. ವಿಆರ್ ಮುಗಿದ ಕೂಡಲೇ, ಅದೇ ಸಂಜೆ ಇದನ್ನು ಮಾಡಿಸಬೇಕು. ಮರುದಿನಕ್ಕೆ ಬಿಟ್ಟವರಿಗೆ ಅಷ್ಟು ಹತ್ತಲಿಲ್ಲ.